ವೇತನ ಅಸಮಾನತೆ, ವೇತನ ಅಂತರ, ವೇತನ ತಾರತಮ್ಯ: ಮೂರೂ ಒಂದೇ?

ಪ್ರಶ್ನೆ:

ನಮಸ್ಕಾರ. ನಮ್ಮ ದೇಶದ ಸಂಬಳ, ಕೂಲಿಗಳಲ್ಲಿರುವ ಏರುಪೇರನ್ನು ಅಳೆಯುವ ಬಗೆ ಕುರಿತು ಪದವಿ ವಿದ್ಯಾರ್ಥಿಗಳಿಗೆ ಕನ್ನಡದಲ್ಲೊಂದು ಪಾಠ ಸಿದ್ಧವಾಗುತ್ತಿದೆ. ಕರಡಿನಲ್ಲಿ ಒಂದು ಕಡೆ ವೇತನ ಅಸಮಾನತೆ, ಇನ್ನೊಂದು ಕಡೆ ವೇತನ ತಾರತಮ್ಯ, ಮತ್ತೊಂದು ಕಡೆ ವೇತನ ಅಂತರ ಎಂದಿದೆ. ಒಂದನ್ನೇ ಉಳಿಸಿಕೊಂಡರೆ ಸಾಕೇ? ಡಿಸೈಲ್‌ಗೆ (ಸಾಲನ್ನು ಹತ್ತು ಸಮ ಪಾಲು ಮಾಡಿದಾಗಿನ ಒಂದು ಪಾಲು) ‘ದಶಮಾಂಶ’ ಎಂದು ಬರೆದಿದ್ದಾರೆ. ದಶಮಾಂಶವೆಂದರೆ ಬಿಂದು ಹಾಕಿದ ಸಂಖ್ಯೆ ಎಂದು ಶಾಲೆಯಲ್ಲೇ ಕಲಿತವರಿಗೆ ಗೊಂದಲವಾಗದೇ? ಇಡೀ ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಗಿನಿ ಅಳತೆ ‘ಸೂಚ್ಯಂಕ’ವೋ ‘ಗುಣಾಂಕ’ವೋ? ಈ ವಾಕ್ಯವನ್ನೂ ನೋಡಿ: “ಪಿ90/ಪಿ10 ಅನುಪಾತ 6 ಇದ್ದರೆ, ಮೇಲಿನ ಶೇ 10 ಮಂದಿ ಕೆಳಗಿನ ಶೇ 10 ಮಂದಿಗಿಂತ 6 ಪಟ್ಟು ಹೆಚ್ಚು ಗಳಿಸುತ್ತಾರೆ ಎಂದರ್ಥ.”

ಉತ್ತರ 1:

ದಯವಿಟ್ಟು ಒಂದನ್ನೇ ಉಳಿಸಿಕೊಳ್ಳಬೇಡಿ. ಪತ್ರಿಕೆಗಳಲ್ಲಿ ಮೂರೂ ಅದಲುಬದಲಾಗಿ ಬರುವುದು ನಿಜ. ಆದರೆ ಇವು ಮೂರು ಬೇರೆ ಲೆಕ್ಕಗಳ ಹೆಸರು.

ಅಸಮಾನತೆ ಎಂದರೆ ಎಲ್ಲ ದುಡಿಯುವವರನ್ನೂ ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿ ಇಡೀ ಸಾಲಿನ ಹರವನ್ನು ಅಳೆಯುವುದು. ಇಲ್ಲಿ ಯಾರು ಗಂಡಸು, ಯಾರು ಹೆಂಗಸು, ಯಾರು ಯಾವ ಊರಿನವರು ಎಂಬ ಪ್ರಶ್ನೆಯೇ ಬರುವುದಿಲ್ಲ. ಅಂತರ ಎಂದರೆ ಎರಡು ಗುಂಪುಗಳ ನಡುವಿನ ದೂರ. ಗಂಡಾಳಿಗೆ 400 ರೂಪಾಯಿ, ಹೆಣ್ಣಾಳಿಗೆ 300 ರೂಪಾಯಿ ಇದ್ದರೆ ಅಂತರ ಗಂಡಾಳಿನ ಕೂಲಿಯ ಶೇ 25. ಹೆಣ್ಣಾಳಿನ ಕೂಲಿಯಿಂದ ಭಾಗಿಸಿದರೆ ಅದೇ ನೂರು ರೂಪಾಯಿ ಶೇ 33 ಆಗುತ್ತದೆ. ಆದ್ದರಿಂದ ಯಾವುದರ ಶೇಕಡಾ, ಸರಾಸರಿಯದೋ ಮಧ್ಯಾಂಕದ್ದೋ (ಸಾಲಿನ ನಟ್ಟನಡುವೆ ನಿಂತವರ ವೇತನ) ಎಂದು ಹೇಳದೆ ‘ವೇತನ ಅಂತರ’ ಎಂದು ಬರೆಯಲೇಬಾರದು.

ತಾರತಮ್ಯದ ಕತೆ ಬೇರೆ. ತರ, ತಮ ಎಂಬ ಹೋಲಿಕೆಯ ಪ್ರತ್ಯಯಗಳಿಂದ ಬಂದ ಮಾತು ಅದು. ಮಾಧ್ವ ಸಿದ್ಧಾಂತದಲ್ಲಿ ಇಂದಿಗೂ ಅದರರ್ಥ ಮೇಲುಕೀಳಿನ ಶ್ರೇಣಿಯೇ. ಆದರೆ ಇಂದಿನ ಬಳಕೆಯಲ್ಲಿ ತಾರತಮ್ಯವೆಂದರೆ ಅನ್ಯಾಯದ ಭೇದ. 1976ರ ಸಮಾನ ವೇತನ ಕಾಯ್ದೆ ತಡೆಯಹೊರಟಿದ್ದು ಇದನ್ನೇ: ಅದೇ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೂಲಿ. ಇದನ್ನು ಅಂತರದಿಂದ ಬೇರ್ಪಡಿಸಲು ಓಹಾಕಾ, ಬ್ಲೈಂಡರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1973ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ವಿಧಾನವಿದೆ. ಓದು, ಅನುಭವ, ಉದ್ಯಮ ಇವುಗಳಿಂದ ಅಂತರದ ಎಷ್ಟು ಭಾಗಕ್ಕೆ ಕಾರಣ ಸಿಗುತ್ತದೆ, ಎಷ್ಟಕ್ಕೆ ಸಿಗುವುದಿಲ್ಲ ಎಂದು ಅದು ಒಡೆದು ತೋರಿಸುತ್ತದೆ. ಕಾರಣ ಸಿಗದ ಭಾಗವನ್ನು ಇಡಿಯಾಗಿ ತಾರತಮ್ಯ ಎನ್ನುವಂತಿಲ್ಲ. ಸಮೀಕ್ಷೆ ಕೇಳದ ಎಷ್ಟೋ ಸಂಗತಿಗಳು ಅದರಲ್ಲಿ ಸೇರಿರುತ್ತವೆ. ಕಾರಣ ಸಿಕ್ಕ ಭಾಗ ನಿರ್ದೋಷಿ ಎಂದೂ ಅಲ್ಲ. ಒಳ್ಳೆಯ ಹುದ್ದೆಗೆ ಹೆಣ್ಣುಮಕ್ಕಳನ್ನು ಸೇರಿಸದೇ ಇದ್ದು, ‘ಹುದ್ದೆ’ಯನ್ನೇ ಕಾರಣದ ಪಟ್ಟಿಗೆ ಹಾಕಿದರೆ, ತಾರತಮ್ಯ ಅಲ್ಲೇ ಅಡಗಿಬಿಡುತ್ತದೆ. ಪಾಠದಲ್ಲಿ ‘ಕಾರಣ ಸಿಗದ ಭಾಗ’ ಎಂದೇ ಬರೆಯಿರಿ.

ನಿಮ್ಮ ವಾಕ್ಯದಲ್ಲಿ ತಪ್ಪು ಎರಡು. ಪಿ90, ಪಿ10 ಎಂಬುವು ಗುಂಪುಗಳಲ್ಲ, ಕೆಳಗಿನಿಂದ ಶೇ 90 ಮತ್ತು ಶೇ 10 ಮಂದಿ ಮುಗಿಯುವಲ್ಲಿ ಸಾಲನ್ನು ಕತ್ತರಿಸುವ ಗಡಿಗಳು. ಮೇಲಿನ ಶೇ 10 ಮಂದಿ ತೊಂಬತ್ತನೇ ಗಡಿಯ ಆಚೆ ಇದ್ದಾರೆ. ಅವರ ಸರಾಸರಿ ಗಡಿಗಿಂತ ಬಹಳ ಮೇಲಿರಬಹುದು. ಇನ್ನು ‘6 ಪಟ್ಟು’ ಬೇರೆ, ‘6 ಪಟ್ಟು ಹೆಚ್ಚು’ ಬೇರೆ. ಎರಡನೆಯದು ಲೆಕ್ಕದಲ್ಲಿ 7 ಪಟ್ಟಾಗುತ್ತದೆ. ಹೀಗೆ ಬರೆಯಬಹುದು: “ತೊಂಬತ್ತನೇ ಗಡಿಯಲ್ಲಿರುವವರ ವೇತನ ಹತ್ತನೇ ಗಡಿಯಲ್ಲಿರುವವರ ವೇತನದ 6 ಪಟ್ಟು.” ಗುಂಪಿನ ಬಗ್ಗೆ ಹೇಳುವಾಗ ‘ಮೇಲಿನ ಹತ್ತರಲ್ಲೊಂದು ಪಾಲು’ ಎನ್ನಿ. ದಶಮಾಂಶವನ್ನು ತೆಗೆದುಹಾಕಿ. ಇಂಥ ಗಡಿಗಳಿಗಿರುವ ಪರ್ಸೆಂಟೈಲ್ ಎಂಬ ಹೆಸರು ಮಾತ್ರ ಪ್ರವೇಶ ಪರೀಕ್ಷೆಗಳಿಂದಾಗಿ ಎಲ್ಲರಿಗೂ ಗೊತ್ತು, ಅದನ್ನು ಮುಟ್ಟಬೇಡಿ.

ಉತ್ತರ 2:

ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಗಿನಿಗೆ ‘ಗುಣಾಂಕ’ವೇ ಸರಿ. ಗ್ರಾಹಕ ಬೆಲೆ ಸೂಚ್ಯಂಕದಂತೆ ಒಂದು ವರ್ಷವನ್ನು 100 ಎಂದಿಟ್ಟುಕೊಂಡು ಹೋಲಿಸುವ ಅಳತೆ ಇದಲ್ಲ. 0ಯಿಂದ 1ರೊಳಗೆ ಬೀಳುವ ಸಂಖ್ಯೆ. ಲೆಕ್ಕವನ್ನು ಪಾಠದಲ್ಲೇ ಮಾಡಿ ತೋರಿಸಿ. ಐವರ ದಿನದ ವೇತನ 300, 400, 500, 800, 3000 ಇರಲಿ. ಒಟ್ಟು 5000, ಸರಾಸರಿ 1000, ಮಧ್ಯಾಂಕ 500. ಪ್ರತಿ ವೇತನವನ್ನೂ ಅದರ ಸ್ಥಾನದಿಂದ (1ರಿಂದ 5) ಗುಣಿಸಿ ಕೂಡಿದರೆ 20,800. ಅದರ ಇಮ್ಮಡಿಯನ್ನು 5 × 5000ದಿಂದ ಭಾಗಿಸಿದರೆ 1.664, ಅದರಿಂದ 6/5 (ಮಂದಿಯ ಸಂಖ್ಯೆಗೆ 1 ಕೂಡಿಸಿ ಅದೇ ಸಂಖ್ಯೆಯಿಂದ ಭಾಗಿಸಿದ್ದು), ಅಂದರೆ 1.2 ಕಳೆದರೆ ಗಿನಿ 0.464. ಇದನ್ನು ‘ಶೇ 46 ಮಂದಿಗೆ ಅಸಮಾನತೆ’ ಎಂದು ಓದುವವರಿದ್ದಾರೆ. ಅದು ಮಂದಿಯ ಎಣಿಕೆಯೇ ಅಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಕೂಲಿ ಮತ್ತು ಗಳಿಕೆಯ ಭೇದ. ಕೂಲಿ ಒಂದು ದರ. ಗಳಿಕೆಯೆಂದರೆ ದರವನ್ನು ಕೆಲಸ ಸಿಕ್ಕ ದಿನಗಳಿಂದ ಗುಣಿಸಿದ್ದು. 2017-18ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಮಿಕ ಸಮೀಕ್ಷೆ, ಪಿಎಲ್‌ಎಫ್‌ಎಸ್, ಸಂಬಳದಾರರಿಗೆ ಕಳೆದ ತಿಂಗಳ ಗಳಿಕೆ ಕೇಳುತ್ತದೆ, ದಿನಗೂಲಿಯವರಿಗೆ ಕಳೆದ ಏಳು ದಿನಗಳಲ್ಲಿ ದಿನದಿನದ ಗಳಿಕೆ ಕೇಳುತ್ತದೆ. ಎರಡನ್ನೂ ಒಂದೇ ಸಾಲಿಗೆ ತರುವಲ್ಲೇ ಲೆಕ್ಕ ಹಾಳಾಗುವುದು. ಒಬ್ಬರ ಸಂಬಳ 24,000. ಇನ್ನೊಬ್ಬರಿಗೆ ದಿನಕ್ಕೆ 500, ವಾರದಲ್ಲಿ ಕೆಲಸ ಸಿಕ್ಕಿದ್ದು ಮೂರೇ ದಿನ. 500ನ್ನು 30ರಿಂದ ಗುಣಿಸಿದರೆ 15,000, ವ್ಯತ್ಯಾಸ 1.6 ಪಟ್ಟು. ವಾರದ 1,500ನ್ನು ತಿಂಗಳಿಗೆ ವಿಸ್ತರಿಸಿದರೆ ಸುಮಾರು 6,430, ವ್ಯತ್ಯಾಸ 3.7 ಪಟ್ಟು. ಅದೇ ಇಬ್ಬರು, ಅದೇ ಉತ್ತರಗಳು. ದರವನ್ನೇ ಹೋಲಿಸುವುದಾದರೂ ಸಂಬಳವನ್ನು 30ರಿಂದ ಭಾಗಿಸಿದಿರೋ (800) 26ರಿಂದಲೋ (923) ತಿಳಿಸಬೇಕು. ‘ವೇತನ ಅಸಮಾನತೆ’ ಎಂದು ಶೀರ್ಷಿಕೆ ಕೊಟ್ಟು ಒಳಗೆ ಗಳಿಕೆಯ ಗಿನಿ ಕೊಡುವುದು ಓದುಗರಿಗೆ ಮಾಡುವ ಮೋಸ.

ಸಮೀಕ್ಷೆಯ ಪ್ರತಿ ಮನೆಗೂ ಒಂದು ಗುಣಕ ಇರುತ್ತದೆ, ಅದು ಎಷ್ಟು ಮನೆಗಳ ಪ್ರತಿನಿಧಿ ಎಂದು ಹೇಳುವ ಸಂಖ್ಯೆ. ಅದನ್ನು ಸೇರಿಸದೆ ಗಿನಿ ತೆಗೆದರೆ ಅದು ಸಮೀಕ್ಷೆಗೆ ಸಿಕ್ಕವರ ಗಿನಿಯಾಗುತ್ತದೆ, ದೇಶದ್ದಲ್ಲ. ಗುಣಕ, ಗುಣಾಂಕ ಒಂದೇ ಪುಟದಲ್ಲಿ ಬಂದರೆ ಕಣ್ಣು ತಪ್ಪುತ್ತದೆ. ಮೊದಲನೆಯದಕ್ಕೆ ‘ತೂಕ’ ಎನ್ನಿ. ಜನ 10,000, 15,000 ಎಂದು ದುಂಡಾಗಿ ಹೇಳುವುದರಿಂದ ಪಿ90, ಪಿ10 ಗಡಿಗಳು ವರ್ಷವರ್ಷ ಕದಲದೆ ನಿಂತು ಒಮ್ಮೆಲೇ ಜಿಗಿಯುವುದೂ ಉಂಟು. ಪಿ90/ಪಿ10ರ ಜೊತೆಗೆ ಗಿನಿಯನ್ನೂ ಕೊಡಿ.

ಮತ್ತೆ ಪ್ರಶ್ನೆ:

ತುಂಬ ಉಪಕಾರವಾಯಿತು. ದಕ್ಷಿಣ ಕನ್ನಡದಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವವರನ್ನು ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಅವರು ‘ಕೂಲಿ ಕಾರ್ಮಿಕರು’ ತಾನೇ?

ಉತ್ತರ 2:

ಮಾತಿನಲ್ಲಿ ಹೌದು: ಸಾವಿರ ಬೀಡಿಗೆ ಇಷ್ಟು ಎಂದು ಕೂಲಿಯೇ ಸಿಗುತ್ತದೆ. ಆದರೆ ಸಮೀಕ್ಷೆಯ ವ್ಯಾಖ್ಯೆ ಪ್ರಕಾರ, ಬೇರೆಯವರಿಂದ ಎಲೆ, ತಂಬಾಕು ತಂದು ಮನೆಯಲ್ಲಿ ಕಟ್ಟಿಕೊಡುವವರು ಸ್ವಯಂ ಉದ್ಯೋಗಿಗಳ ಪಟ್ಟಿಗೆ ಹೋಗುತ್ತಾರೆ. ಸಂಬಳದಾರರು ಮತ್ತು ದಿನಗೂಲಿಯವರನ್ನು ಮಾತ್ರ ಸೇರಿಸಿ ಮಾಡಿದ ವೇತನ ಕೋಷ್ಟಕದಲ್ಲಿ ಇವರು ಇರುವುದೇ ಇಲ್ಲ. ಸ್ವಯಂ ಉದ್ಯೋಗಿಗಳಿಗೆ ಕಳೆದ 30 ದಿನಗಳ ಗಳಿಕೆಯ ಪ್ರಶ್ನೆ ಪ್ರತ್ಯೇಕವಾಗಿದೆ. ಅದನ್ನು ಸೇರಿಸಿದರೆ ಅಳತೆಯ ಹೆಸರು ‘ದುಡಿಮೆಯ ಗಳಿಕೆಯ ಅಸಮಾನತೆ’ ಎಂದಾಗಬೇಕು. ಉದಾಹರಣೆ ಇಟ್ಟುಕೊಳ್ಳಿ, ಕೋಷ್ಟಕದ ಕೆಳಗೆ ಯಾರನ್ನು ಸೇರಿಸಿದ್ದೀರಿ, ಯಾರನ್ನು ಬಿಟ್ಟಿದ್ದೀರಿ ಎಂದು ಒಂದು ಸಾಲು ಬರೆಯಿರಿ.