ಕೋಳಿಕ್ಕೋಡ್, ಕೋೞಿಕ್ಕೋಡ್, ಕೋಝಿಕ್ಕೋಡ್: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವಳು. ಮೊನ್ನೆ ಮಗಳು 'ಕೋಝಿಕ್ಕೋಡ್' ಅಂತ ಝರಿಯ ಝ ಹಾಕಿ ಗಟ್ಟಿಯಾಗಿ ಓದಿದಳು. ಪುಸ್ತಕದಲ್ಲಿ ಹಾಗೇ ಇತ್ತು. ಕಲ್ಲಿಕೋಟೆ ಅಂತ ನಮ್ಮದೇ ಹೆಸರಿದೆ, ಅದಿರಲಿ. ಈ ಝ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ಝೆಡ್-ಎಚ್ ಬರೆಯುತ್ತಾರಲ್ಲ, ಅದನ್ನು ನೋಡಿ ಬರೆದದ್ದು, ಅಷ್ಟೇ.

ಬಾಯಲ್ಲೇ ಹೇಳಿ ನೋಡಿ. ಝ ಹೇಳುವಾಗ ನಾಲಿಗೆ ಅಂಗುಳಕ್ಕೆ ಒತ್ತಿ, ಗಾಳಿಯನ್ನು ಪೂರ್ತಿ ತಡೆದು, ಆಮೇಲೆ ಬಿಡುತ್ತದೆ. ಅದನ್ನು ಎಳೆಯಲು ಆಗುವುದಿಲ್ಲ. ಳ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿ ತಾಗುತ್ತದೆ, ಆದರೆ ಗಾಳಿ ಎರಡು ಬದಿಯಿಂದ ಹೋಗುತ್ತಲೇ ಇರುತ್ತದೆ. ಮಲಯಾಳದ ೞದಲ್ಲಿ ತುದಿ ಹಾಗೇ ಮಡಚುತ್ತದೆ, ಆದರೆ ಎಲ್ಲಿಯೂ ತಾಗುವುದಿಲ್ಲ, ಗಾಳಿ ನಡುವಿನಿಂದಲೇ ಹೋಗುತ್ತದೆ. ನಮ್ಮ ಕಡೆ ಎಷ್ಟೋ ಮಂದಿ ಮಾತಾಡುವಾಗ ಕೋೞಿಯನ್ನು 'ಕೋಯಿ' ಅನ್ನುತ್ತಾರೆ, ಕೇಳಿದ್ದೀರಲ್ವಾ? ಯ ಹೇಳುವಾಗಲೂ ನಾಲಿಗೆ ತಾಗುವುದಿಲ್ಲ, ಅದಕ್ಕೇ ಆ ಕಡೆ ಜಾರುವುದು ಸುಲಭ. ಝದ ಕಡೆಗೆ ಯಾರ ನಾಲಿಗೆಯೂ ಜಾರಿಲ್ಲ.

ಇನ್ನೊಂದು ಮಾತು. ೞ ನಮಗೆ ಹೊರಗಿನದಲ್ಲ. ಹಳಗನ್ನಡದಲ್ಲಿ ಮೞೆ, ಬಾೞೆ, ಪೊೞೆ ಅಂತಲೇ ಇತ್ತು. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞವನ್ನು 'ರಳ', ಕನ್ನಡದ ಳವನ್ನು 'ಕುಳ' ಅಂತ ಬೇರೆ ಬೇರೆಯಾಗಿಯೇ ಕರೆದಿದ್ದಾನೆ. ಆಮೇಲೆ ಎರಡೂ ಳ ಆಗಿಬಿಟ್ಟವು. ಅದಕ್ಕೇ ಮಲಯಾಳದವರ 'ಪುೞ' ನಮಗೆ ಹೊಳೆ. ಚಂದ್ರಗಿರಿ ಹೊಳೆಯನ್ನು ಎರಡೂ ಭಾಷೆಯಲ್ಲಿ ಹೇಳಿ ನೋಡಿದರೆ ಕಿವಿಗೇ ಗೊತ್ತಾಗುತ್ತದೆ. ತಮಿಳು ಅನ್ನುವ ಪದದಲ್ಲೂ ಅವರದ್ದು ೞ, ನಮ್ಮದು ಳ. ಯಾರಾದರೂ 'ತಮಿಝು' ಅಂತ ಬರೆಯುತ್ತಾರಾ? ಮತ್ತೆ ಕೇರಳದ ಆಲಪ್ಪುೞಕ್ಕೆ 'ಆಲಪ್ಪುಝ' ಯಾಕೆ?

ಹಾಗಾಗಿ ದಿನನಿತ್ಯದ ಬರಹದಲ್ಲಿ ಳ ಸಾಕು, ಉಚ್ಚಾರ ತೋರಿಸಲೇಬೇಕಾದಲ್ಲಿ ೞ ಹಾಕಬೇಕು ಅಂತ ನನ್ನ ಅಭಿಪ್ರಾಯ. (ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ತಪ್ಪಾಗಿ 'ಫ' ಅಂತ ಹೆಸರು ಬಿದ್ದಿದೆ, ಹುಡುಕುವವರು ಗಮನಿಸಿ.)

ಈಗ ನನ್ನ ಪ್ರಶ್ನೆ. ಶಾಲೆಯಲ್ಲಿ ಕಲಿತದ್ದು ವರ್ಗೀಯ, ಅವರ್ಗೀಯ ಎಂಬ ಎರಡೇ ಗುಂಪು. ಝ ವರ್ಗೀಯ, ಳ ಅವರ್ಗೀಯ, ಇಷ್ಟು ಸರಿ. ಆದರೆ ಳಕ್ಕೂ ೞಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಸಿಗುವುದಿಲ್ಲ. ಗಾಳಿ ಬದಿಯಿಂದ ಹೋಗುವುದರಿಂದ ಳವನ್ನು ಪಾರ್ಶ್ವಿಕ ಅನ್ನುತ್ತಾರೆ. ೞವನ್ನು ಯ, ವ ಜೊತೆ ಸೇರಿಸಿ ಅರ್ಧಸ್ವರ ಅನ್ನಬಹುದೇ, ಅಥವಾ ಮಕ್ಕಳಿಗೆ ಹೇಳಿಕೊಡಲು ಇನ್ನೂ ಸುಲಭದ ಕನ್ನಡ ಪದ ನಿಮ್ಮಲ್ಲಿ ಬಳಕೆಯಲ್ಲಿದೆಯೇ?