ಕೋಳಿ ಗೂಡಿನಲ್ಲಿ ಮೇವು, ನೀರು ಎಲ್ಲಿ ಇಡಬೇಕು?

ತುಮಕೂರು ಕಡೆಯಿಂದ ಕೇಳುತ್ತಿದ್ದೇನೆ. ನಾನೂ ಅತ್ತೆಯೂ ಸೇರಿ ಹಿತ್ತಲಲ್ಲಿ 20 ಗಿರಿರಾಜ ಕೋಳಿ ಸಾಕಿದ್ದೇವೆ. ತಟ್ಟೆಗೆ ಮೇವು ಹಾಕಿದರೆ ಕೆದಕಿ ಚೆಲ್ಲುತ್ತವೆ. ನೀರಿನ ಬೇಸಿನ್ ತುಂಬ ನೆಲಕ್ಕೆ ಹಾಸಿದ ಹೊಟ್ಟು, ಹಿಕ್ಕೆ. ನೆಲ ಸದಾ ಒದ್ದೆ, ವಾಸನೆ ಬೇರೆ. ಸಾಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸನದಿಂದ:
ಮೇಡಂ, ಮೊದಲು ಆ ಒದ್ದೆ ನಿಲ್ಲಿಸಿ. ಹೊಟ್ಟು ನೆನೆದರೆ ಅಮೋನಿಯಾ ಏಳುತ್ತದೆ, ಕೋಳಿಗೆ ಕಣ್ಣು ಉರಿಯುತ್ತದೆ, ಉಸಿರಾಟವೂ ಕೆಡುತ್ತದೆ. ಮರಿಗಳಲ್ಲಿ ಹಿಕ್ಕೆಗೆ ರಕ್ತ ಬರುವ ಕಾಕ್ಸಿಡಿಯೋಸಿಸ್ ಜಾಸ್ತಿಯಾಗುವುದೂ ಇಂಥ ನೆಲದಲ್ಲೇ. ನಾನು ಮಾಡಿರುವುದು ಇಷ್ಟು: ಅಗಲವಾದ ಟ್ರೇ, ಅದರ ಮೇಲೆ ತಂತಿ ಜಾಲರಿ, ಜಾಲರಿ ಮೇಲೆ ಡ್ರಿಂಕರ್. ಚೆಲ್ಲಿದ ನೀರು ಟ್ರೇಗೆ ಬೀಳುತ್ತದೆ, ಹೊಟ್ಟಿಗೆ ತಾಗುವುದಿಲ್ಲ. ಬೆಳಿಗ್ಗೆ ಟ್ರೇ ಎತ್ತಿ ಗಿಡಕ್ಕೆ ಸುರಿದರಾಯಿತು.

ಮೇವಿಗೆ ತಟ್ಟೆ ಬೇಡವೇ ಬೇಡ. ತೂಗುಹಾಕುವ ಫೀಡರ್ ತನ್ನಿ. ಕೋಳಿ ನಿಂತಾಗ ಅದರ ಬೆನ್ನು ಎಷ್ಟು ಎತ್ತರಕ್ಕೆ ಬರುತ್ತದೋ ಫೀಡರ್ ಅಂಚು ಅಲ್ಲಿರಬೇಕು. ಆಗ ಕಾಲು ಹಾಕಲು ಆಗುವುದಿಲ್ಲ. ಬೆಳೆಯುವ ಕೋಳಿಯಾದರೆ ಹಗ್ಗವನ್ನು ಆಗಾಗ ಮೇಲೆ ಎಳೆಯಿರಿ. ಕೆಳಗಿನ ತಟ್ಟೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮೇವು ನಿಲ್ಲದಂತೆ ನೋಡಿಕೊಳ್ಳಿ. ಚೆಲ್ಲುವುದು ಅಲ್ಲೇ ಅರ್ಧ ನಿಲ್ಲುತ್ತದೆ.

ಒಂದೇ ಫೀಡರ್ ಇಟ್ಟರೆ ಜೋರಿನ ಕೋಳಿಗಳು ಪಾಪದವನ್ನು ಕುಕ್ಕಿ ಓಡಿಸುತ್ತವೆ. ನಿಮ್ಮ 20ಕ್ಕೆ ಎರಡು ಫೀಡರ್, ಎರಡು ಡ್ರಿಂಕರ್ ಬೇರೆ ಬೇರೆ ಮೂಲೆಯಲ್ಲಿರಲಿ. ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 120 ಗ್ರಾಂ ಮೇವು ಬೇಕು, ನೀರು ಅದರ ಎರಡರಷ್ಟು. ಅಂದರೆ ನಿಮಗೆ 5 ಲೀಟರ್. ಏಪ್ರಿಲ್ ಬಿಸಿಲಲ್ಲಿ ಅದು ಸಾಲುವುದಿಲ್ಲ, ಮಧ್ಯಾಹ್ನ ತಣ್ಣನೆ ನೀರು ಮತ್ತೆ ತುಂಬಿಸಿ. ಅವು ರಾತ್ರಿ ಕೂರುವ ಗಳುವಿನ ಕೆಳಗೆ ಮಾತ್ರ ಏನನ್ನೂ ಇಡಬೇಡಿ, ಹಿಕ್ಕೆಯೆಲ್ಲ ಅದರೊಳಗೇ ಬೀಳುತ್ತದೆ.

ಮೈಸೂರಿನಿಂದ:
ಅಕ್ಕ, ನಿಪ್ಪಲ್ ಹಾಕಿಸಿ ನೋಡಿ, ಅಂದರೆ ಕೋಳಿ ಕುಕ್ಕಿದಾಗ ಮಾತ್ರ ನೀರು ಬಿಡುವ ಪುಟ್ಟ ನಳಿಕೆ. ಪಿವಿಸಿ ಪೈಪ್‌ಗೆ ಮೂರು ನಿಪ್ಪಲ್ ಸಾಕು, ಮೇಲೊಂದು ಬಕೆಟ್. ನೀರು ಗಲೀಜಾಗುವ ಮಾತೇ ಇಲ್ಲ. ಕೋಳಿ ಕತ್ತು ಚಾಚಿ ಮೇಲೆ ನೋಡಿ ಕುಡಿಯುವಷ್ಟು ಎತ್ತರಕ್ಕೆ ಕಟ್ಟಿ. ಎಲ್ಲ ಕೋಳಿಯೂ ಕುಕ್ಕಿ ಕುಡಿಯುವುದನ್ನು ಕಲಿಯುವವರೆಗೆ ಹಳೆಯ ಡ್ರಿಂಕರ್ ತೆಗೆಯಬೇಡಿ. ಪೈಪ್ ನೆರಳಲ್ಲಿರಲಿ, ಇಲ್ಲದಿದ್ದರೆ ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ.

ತೀರ್ಥಹಳ್ಳಿಯಿಂದ:
ಮೇಲಿನವರು ಎಲ್ಲ ಹೇಳಿದ್ದಾರೆ. ಮಳೆಗಾಲದ ಮಾತು ಒಂದು ಸೇರಿಸುತ್ತೇನೆ. ಬೂಷ್ಟು ಹಿಡಿದ ಮೇವನ್ನು ದುಡ್ಡು ಹೋಯಿತಲ್ಲ ಅಂತ ಹಾಕಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಕೋಳಿಯ ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲಿಡಿ. ಕತ್ತಲಲ್ಲಿ ಕೋಳಿ ತಿನ್ನುವುದಿಲ್ಲ, ಇಲಿ ತಿನ್ನುತ್ತದೆ. ಅದಕ್ಕೆ ಸಂಜೆ ಫೀಡರ್ ಒಳಗೆ ತಂದಿಡಿ. ಮುಂದೆ ಮರಿ ತಂದರೆ ನೀರಿನ ತಟ್ಟೆಗೆ ದುಂಡು ಕಲ್ಲು ಹಾಕಿ, ಇಲ್ಲವಾದರೆ ಮುಳುಗಿ ಸಾಯುತ್ತವೆ.