ಪಂಪಿನ 'ಹೆಡ್'ಗೆ 'ಎತ್ತರ' ಎನ್ನಬಹುದೇ?

ಕಂಪ್ಯೂಟರಿಗೆ ವಾಟರ್ ಕೂಲಿಂಗ್ (ಕೊಳವೆಯಲ್ಲಿ ನೀರು ಸುತ್ತಿಸಿ ಬಿಸಿ ತೆಗೆಯುವ ವ್ಯವಸ್ಥೆ) ಜೋಡಿಸುವವರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಪ್ರೆಷರ್‌ಗೆ ಒತ್ತಡ, ಫ್ಲೋಗೆ ಹರಿವು. ಅಲ್ಲಿವರೆಗೆ ಸಲೀಸು. ಕೆಲಸ ನಿಂತಿರುವುದು 'ಹೆಡ್' ಹತ್ತಿರ. ಪಂಪು ಕೊಡುವ ಒತ್ತಡ ಎಷ್ಟು ಮೀಟರ್ ಎತ್ತರದ ನೀರಿಗೆ ಸಮ ಅಂತ ಹೇಳುವ ಅಳತೆ ಅದು.

ನಮ್ಮ ಕೋಲಾರದ ಕಡೆ ಈ ಪದ ರೈತರಿಗೆ ಹೊಸದೇನಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿರುವ ಊರುಗಳಲ್ಲಿ ಮೋಟರ್ ಕೊಳ್ಳುವಾಗ ಹೆಡ್ ಎಷ್ಟು, ಸ್ಟೇಜ್ (ಒಂದರ ಮೇಲೊಂದು ಕೂತ ಪಂಪಿನ ಚಕ್ರಗಳು) ಎಷ್ಟು ಅಂತ ಕೇಳಿಯೇ ಕೊಳ್ಳುತ್ತಾರೆ. ನೀರು ಎಷ್ಟು ಅನ್ನುವುದಕ್ಕೆ ಅಳತೆಯೇ ಬೇರೆ. 'ಎರಡಿಂಚು ನೀರು ಬಿತ್ತು' ಅನ್ನುತ್ತಾರೆ. ಇಲ್ಲಿ ಹೆಡ್ ಅಂದರೆ ಮುಖ್ಯವಾಗಿ ನೀರು ಮೇಲೇರಬೇಕಾದ ಎತ್ತರ. ಹಾಗಾದರೆ 'ಎತ್ತರ' ಅಂತಲೇ ಬರೆಯಬಹುದು ಅನ್ನಿಸುತ್ತದೆ.

ಆದರೆ ಕಂಪ್ಯೂಟರಿನ ಲೂಪ್ ಮುಚ್ಚಿದ ಸುತ್ತು. ಒಮ್ಮೆ ನೀರು ತುಂಬಿ ಗಾಳಿ ಹೊರಗೆ ಹೋದ ಮೇಲೆ, ಇಳಿಯುವ ನೀರಿನ ತೂಕ ಏರುವ ನೀರಿನ ತೂಕಕ್ಕೆ ಸರಿಹೋಗುತ್ತದೆ. ಪಂಪು ಏನನ್ನೂ ಎತ್ತಬೇಕಿಲ್ಲ. ಇಂಥ ಲೂಪುಗಳಲ್ಲಿ ಬಳಸುವ ಡಿ5 ಅನ್ನುವ ಪಂಪಿನ ಹೆಡ್ ಹೆಚ್ಚೆಂದರೆ ಸುಮಾರು 4 ಮೀಟರ್. ಕ್ಯಾಬಿನೆಟ್ ಇರುವುದು ಅರ್ಧ ಮೀಟರ್ ಆಸುಪಾಸು ಅಲ್ವಾ? ಉಳಿದದ್ದೆಲ್ಲ ಯಾವ ಎತ್ತರ ಅಂತ ಓದುಗರು ಕೇಳಿಯೇ ಕೇಳುತ್ತಾರೆ.

ಲೂಪ್ ಓಡುವಾಗ ಪಂಪು ಕೊಡುವ ಹೆಡ್ ಪೂರ್ತಿ ಖರ್ಚಾಗುವುದು ನೀರಿನ ದಾರಿಯ ತಡೆಗೆ. ಸಿಪಿಯು ಬ್ಲಾಕಿನಲ್ಲಿ (ಪ್ರೊಸೆಸರ್ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡು) ಒಂದು ಮಿಲಿಮೀಟರೂ ಅಗಲವಿಲ್ಲದ ಸಂದುಗಳು, ರೇಡಿಯೇಟರ್, ಮೊಣಕೈ ಫಿಟಿಂಗ್. ಒಂದೊಂದನ್ನು ದಾಟಿದಾಗಲೂ ಒತ್ತಡ ಇಳಿಯುತ್ತದೆ. ಒಂದೇ ಸಾಲಿನ ಲೂಪಿನಲ್ಲಿ ಹರಿವು ಮಾತ್ರ ಎಲ್ಲ ಕಡೆ ಒಂದೇ. ಹರಿವು ಎರಡರಷ್ಟಾದರೆ ಒತ್ತಡದ ಖರ್ಚು ಹೆಚ್ಚುಕಡಿಮೆ ನಾಲ್ಕರಷ್ಟು. ಅದಕ್ಕೇ ಪಂಪು ಗಂಟೆಗೆ 1500 ಲೀಟರಿನದಾದರೂ ಲೂಪಿನಲ್ಲಿ ಹರಿಯುವುದು ತುಂಬ ಕಡಿಮೆ. ಅಷ್ಟು ಸಾಕು ಕೂಡ. ನಿಮಿಷಕ್ಕೆ 4 ಲೀಟರ್ ಹರಿದರೆ, 280 ವ್ಯಾಟ್ ಬಿಸಿ ಹೊತ್ತರೂ ಆ ನೀರು ಕಾಯುವುದು ಬ್ಲಾಕಿನ ಒಂದು ಬದಿಯಿಂದ ಇನ್ನೊಂದಕ್ಕೆ 1 ಡಿಗ್ರಿಯಷ್ಟೇ. ಸುಮ್ನೆ ದೊಡ್ಡ ಪಂಪು ಹಾಕಿ ಪ್ರಯೋಜನವಿಲ್ಲ.

'ನೂಕುಬಲ' ಅಂತಲೂ ಯೋಚಿಸಿದೆ. ಆದರೆ ಶಾಲೆಯ ಪಾಠದಲ್ಲಿ ಬಲ ಅಂದರೆ ಫೋರ್ಸ್, ಒತ್ತಡ ಅಲ್ಲ. ಸದ್ಯಕ್ಕೆ 'ಹೆಡ್' ಹಾಗೇ ಉಳಿಸಿದ್ದೇನೆ. ಪ್ರೆಷರ್ ಡ್ರಾಪ್‌ಗೆ 'ಒತ್ತಡದ ಖರ್ಚು' ಅಂದಿದ್ದೇನೆ. 'ಒತ್ತಡ ಕುಸಿತ' ಅಂದರೆ ಪಂಪೇ ಕೆಟ್ಟಿದೆ ಅನ್ನುವ ಹಾಗೆ ಕೇಳಿಸುತ್ತದೆ.

ಉದ್ದ ಪೈಪಿನಲ್ಲಿ ಹೀಗೆ ಒತ್ತಡ ಸೋರಿಹೋಗುವುದಕ್ಕೆ ಮೋಟರ್ ರಿಪೇರಿಯವರು, ಡ್ರಿಪ್ ಹಾಕುವವರು ಏನನ್ನುತ್ತಾರೆ? ಚಿಂತಾಮಣಿ, ಪಾವಗಡ ಕಡೆಯವರು ಕೇಳಿದ ಮಾತಿದ್ದರೆ ದಯವಿಟ್ಟು ತಿಳಿಸಿ.